ಪೆನಾಲ್ಟಿಯಲ್ಲಿ ಸೋತರೆ ಅದು ಹಣೆಬರಹವೋ, ಆಟವೋ?

ಗಡಿನಾಡು ಗೋಲಿ (ಕುಂಬಳೆ):

ಒಂದು ವಿಷಯ ಇಲ್ಲಿ ಇತ್ಯರ್ಥ ಆಗಬೇಕು ಮಾರಾಯ್ರೆ. ಊರಿನ ಗದ್ದೆಯಲ್ಲಿ ನಡೆದ ಸೆವೆನ್ಸ್ (ಕಡೆಗೆ ಏಳು ಜನರ ಫುಟ್ಬಾಲ್) ಫೈನಲಿನಲ್ಲಿ ಆಟ ಸಮ ಆಗಿ, ಒಬ್ಬೊಬ್ಬರೇ ಗೋಲಿಗೆ ಒದೆಯುವ ಪೆನಾಲ್ಟಿಯಲ್ಲಿ ನಮ್ಮ ಕ್ಲಬ್ಬು ಸೋತಿತು. ನಾವು ಕೆಟ್ಟದಾಗಿ ಆಡಿದೆವು ಅಂತ ನೋಡಿದವರು ಯಾರೂ ಹೇಳಲಿಕ್ಕಿಲ್ಲ. ಚೆಂಡು ಹೆಚ್ಚಿನ ಹೊತ್ತು ಅವರ ಅರ್ಧದಲ್ಲೇ ಇತ್ತು. ಎರಡು ಸಲ ಕಂಬಕ್ಕೆ ಬಡಿಯಿತು, ಒಂದು ಸಲ ಗೆರೆಯ ಮೇಲಿಂದ ಅವರ ಬ್ಯಾಕ್ (ಹಿಂದೆ ನಿಂತು ತಡೆಯುವವ) ಒದ್ದು ಹೊರಗೆ ಹಾಕಿದ. ಅವರ ಗೋಲು ಹೇಗೆ ಬಂತು ಗೊತ್ತುಂಟಾ? ದೂರದಿಂದ ಸುಮ್ಮನೆ ತಳ್ಳಿದ ಚೆಂಡು. ಗೋಲಿ, ಅಂದರೆ ಗೋಲು ಕಾಯುವವ, ನಾನೇ; ಬಲಕ್ಕೆ ಕುಕ್ಕರುಗಾಲಲ್ಲಿ ಕೂತು ಕೈ ಒಡ್ಡಿ ಆಗಿದೆ. ನನ್ನ ಎದುರಿಗೇ ಒಂದು ಕೂಳೆಯ ಬುಡಕ್ಕೆ ತಾಗಿ ಎಡಕ್ಕೆ ಹೊರಳಿ ಒಳಗೆ ಹೋಯಿತು. ಗದ್ದೆ ಸಮ ಮಾಡುವಾಗ ಆ ಒಂದು ಬುಡ ಹೇಗೋ ಉಳಿದುಬಿಟ್ಟಿತ್ತು.

ಮರುದಿನ ಕಮಿಟಿ ಕೂತು ಕೋಚನ್ನು ಬದಲಿಸುವ ಮಾತು ತೆಗೆದಿದೆ. "ಹುಡುಗರಿಗೆ ಫೈನಲ್ ಆಡುವ ಗುಂಡಿಗೆ ಇಲ್ಲ, ಅದನ್ನು ಕಲಿಸಲಿಲ್ಲ" ಅಂತ ಆರೋಪ. ಆ ಐದು ಪೆನಾಲ್ಟಿಯಲ್ಲಿ ಒಂದು ನನ್ನ ಕೈಗೆ ಸಿಕ್ಕಿದ್ದರೆ ಇದೇ ಜನ ಅದೇ ಕೋಚಿಗೆ ಶಾಲು ಹೊದೆಸಿ ಫ್ಲೆಕ್ಸ್ ಹಾಕುತ್ತಿದ್ದರು. ಫುಟ್ಬಾಲಿನಲ್ಲಿ ಫಲಿತಾಂಶಕ್ಕೆ ಎಷ್ಟು ಪಾಲು ಆಟ, ಎಷ್ಟು ಪಾಲು ಅದೃಷ್ಟ? ತಿಳಿದವರು ಹೇಳಿ. ಕಮಿಟಿಯವರಿಗೆ ಈ ಚರ್ಚೆಯನ್ನೇ ಓದಿ ಹೇಳುವವನಿದ್ದೇನೆ.

ಅಡಿಕೆ ತೋಟ (ಬದಿಯಡ್ಕ):

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವು ಕೂಳೆ ಅನ್ನುತ್ತಿದ್ದೀರಿ, ಅಷ್ಟೇ ವ್ಯತ್ಯಾಸ. ಸೋತವರಿಗೆ ಮಾತ್ರ ಅದೃಷ್ಟದ ನೆನಪಾಗುತ್ತದೆ. ಗೆದ್ದವ ಯಾವತ್ತಾದರೂ "ನಂದೇನಿಲ್ಲ, ಯೋಗ ಇತ್ತು" ಅಂದದ್ದು ಕೇಳಿದ್ದೀರಾ?

ನಾನು ಕಬಡ್ಡಿಯವ. ಅಲ್ಲಿ ಇಂಥ ಗೋಳಿಲ್ಲ. ಬಲ ಇದ್ದವ ಹಿಡಿಯುತ್ತಾನೆ, ಉಸಿರು ಇದ್ದವ ತಪ್ಪಿಸಿಕೊಂಡು ಬರುತ್ತಾನೆ. ಕಂಬಕ್ಕೆ ಬಡಿದು ವಾಪಸ್ ಬರುವ ರೈಡರ್ ಇಲ್ಲ.

ಲೆಕ್ಕದ ಮಾಷ್ಟ್ರು (ಪೆರ್ಲ):

ಬದಿಯಡ್ಕದವರು ತಮಾಷೆಗೆ ಹೇಳಿದರೂ ವಿಷಯ ಅಲ್ಲೇ ಉಂಟು. ಕಬಡ್ಡಿಯಲ್ಲಿ ಒಂದು ಆಟ ಮುಗಿಯುವಾಗ ಎರಡೂ ಕಡೆ ಸೇರಿ 60, 70 ಪಾಯಿಂಟ್ ಆಗಿರುತ್ತದೆ. ಒಂದು ರೈಡ್ ರೆಫ್ರಿಯ ತಪ್ಪಿನಿಂದ ಹೋದರೆ ಇನ್ನೊಂದರಲ್ಲಿ ಸರಿಯಾಗುತ್ತದೆ. ಫುಟ್ಬಾಲಿನಲ್ಲಿ? 2022ರ ವಿಶ್ವಕಪ್ಪಿನಲ್ಲಿ 64 ಪಂದ್ಯಕ್ಕೆ 172 ಗೋಲು. ಪಂದ್ಯಕ್ಕೆ ಮೂರೂ ಇಲ್ಲ. ಎಣಿಕೆ ಇಷ್ಟು ಸಣ್ಣದಾದರೆ ಒಂದು ಹೆಚ್ಚುಕಡಿಮೆ ಇಡೀ ಫಲಿತಾಂಶವನ್ನು ಮಗುಚಿ ಹಾಕುತ್ತದೆ.

ಕಾಗದ ಪೆನ್ಸಿಲ್ ಇದ್ದವರು ನೋಡಿ. ಒಂದು ತಂಡ ಸರಾಸರಿ ಪಂದ್ಯಕ್ಕೆ 1.5 ಗೋಲು ಹೊಡೆಯುವ ಬಲದ್ದು, ಎದುರಿನದ್ದು 1 ಗೋಲಿನ ಬಲದ್ದು ಅಂತ ಇಟ್ಟುಕೊಳ್ಳಿ. ಅಂದರೆ ಮೊದಲನೆಯದು ಒಂದೂವರೆ ಪಟ್ಟು ಒಳ್ಳೆಯ ತಂಡ, ಇದು ಸಣ್ಣ ವ್ಯತ್ಯಾಸ ಅಲ್ಲ. ಪ್ವಾಸಾನ್ ಸೂತ್ರ ಹಾಕಿ (ಸರಾಸರಿ ಗೊತ್ತಿದ್ದರೆ ಎಷ್ಟು ಗೋಲಿಗೆ ಎಷ್ಟು ಸಾಧ್ಯತೆ ಅಂತ ಹೇಳುವ ಲೆಕ್ಕ, ಪ್ಲಸ್‌ಟು ಮಕ್ಕಳಿಗೆ ಗೊತ್ತಿರುತ್ತದೆ). 100 ಸಲ ಆಡಿದರೆ ಒಳ್ಳೆಯ ತಂಡ ಗೆಲ್ಲುವುದು ಸುಮಾರು 49 ಸಲ, 26 ಸಲ ಸಮ, 25 ಸಲ ಸೋಲು. ಒಂದೂವರೆ ಪಟ್ಟು ಬಲ ಇದ್ದೂ ಅರ್ಧಕ್ಕರ್ಧ ಸಲ ಗೆಲುವಿಲ್ಲದೆ ಮನೆಗೆ ಬರಬೇಕು. ಇದರಲ್ಲಿ ಕೋಚ್ ಮಾಡಿದ ತಪ್ಪು ಎಲ್ಲಿ ಉಂಟು ಹೇಳಿ?

2006ರಲ್ಲಿ ಮೂವರು ಭೌತಶಾಸ್ತ್ರಜ್ಞರು, ಬೆನ್-ನೈಮ್, ವಾಜ್ಕೆಜ್, ರೆಡ್ನರ್, ಐದು ಆಟಗಳ ನೂರು ವರ್ಷಗಳ ಫಲಿತಾಂಶ ಒಟ್ಟು ಹಾಕಿ ನೋಡಿದರು. 3 ಲಕ್ಷಕ್ಕೂ ಹೆಚ್ಚು ಪಂದ್ಯ. ಬೇಸ್‌ಬಾಲ್, ಐಸ್ ಹಾಕಿ, ಬಾಸ್ಕೆಟ್‌ಬಾಲ್, ಅಮೆರಿಕನ್ ಫುಟ್ಬಾಲ್, ಮತ್ತೆ ಇಂಗ್ಲೆಂಡಿನ ನಮ್ಮ ಈ ಫುಟ್ಬಾಲ್. ಪಟ್ಟಿಯಲ್ಲಿ ಕೆಳಗಿದ್ದವ ಮೇಲಿದ್ದವನನ್ನು ಕೆಡವಿ ಹಾಕುವುದು ಎಲ್ಲಕ್ಕಿಂತ ಹೆಚ್ಚು ಕಂಡದ್ದು ಫುಟ್ಬಾಲಿನಲ್ಲೇ.

ಉಪ್ಪಳದ ಹಳದಿ (ಉಪ್ಪಳ):

ಅದೃಷ್ಟದ ವಿಷಯ ನಮ್ಮ ಕೇರಳ ಬ್ಲಾಸ್ಟರ್ಸ್ ಕ್ಲಬ್ಬಿನವರ ಹತ್ತಿರ ಕೇಳಿ ಮಾಷ್ಟ್ರೇ, ಸೂತ್ರ ಬೇಡ. ಮೂರು ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್, ಮೂರೂ ಹೋಯಿತು. 2014ರಲ್ಲಿ ಮುಂಬೈಯಲ್ಲಿ ಇಂಜುರಿ ಟೈಮಿನಲ್ಲಿ ಕೋಲ್ಕತ್ತದ ರಫೀಕ್ ತಲೆ ಕೊಟ್ಟ. 2016ರಲ್ಲಿ ಕೊಚ್ಚಿಯಲ್ಲಿ, ನಮ್ಮದೇ ಗ್ಯಾಲರಿಯ ಎದುರು, ನಮ್ಮದೇ ಜಿಲ್ಲೆಯ ತೃಕ್ಕರಿಪುರದ ಮುಹಮ್ಮದ್ ರಾಫಿ ಹೆಡ್ಡರ್ ಹಾಕಿ ಮುಂದೆ ಮಾಡಿದ. ಏಳೆಂಟು ನಿಮಿಷದಲ್ಲಿ ಸಮ ಆಯಿತು, ಪೆನಾಲ್ಟಿಯಲ್ಲಿ 4-3 ಮತ್ತೆ ಕೋಲ್ಕತ್ತದವರಿಗೆ. 2022ರಲ್ಲಿ ಗೋವಾದ ಫಾತೋರ್ಡಾದಲ್ಲಿ 88ನೇ ನಿಮಿಷದ ವರೆಗೆ ನಾವು ಮುಂದೆ. ಆಮೇಲೆ ಹೈದರಾಬಾದಿನ ತವೋರಾ ದೂರದಿಂದ ಹೊಡೆದ, ಪೆನಾಲ್ಟಿಯಲ್ಲಿ ಅವರ ಗೋಲಿ ಕಟ್ಟೀಮನಿ ಮೂರು ಹಿಡಿದ. ಇದು ಗ್ರಹಚಾರ ಅಲ್ಲದೆ ಇನ್ನೇನು? ಆ ರಾತ್ರಿ ಉಪ್ಪಳ ಪೇಟೆಯಲ್ಲಿ ಚಾ ಅಂಗಡಿಯವನೂ ಮಾತಾಡಲಿಲ್ಲ.

ನೀಲಿ ಮಂಜೇಶ್ವರ (ಮಂಜೇಶ್ವರ, ಸದ್ಯ ಬೆಂಗಳೂರು):

ಇಚ್ಚಾ, ನಾಲ್ಕನೆಯದ್ದು ಬಿಟ್ಟಿರಿ. 2023 ಮಾರ್ಚ್ 3, ಕಂಠೀರವ. ಎಕ್ಸ್‌ಟ್ರಾ ಟೈಮಿನಲ್ಲಿ ಫ್ರೀಕಿಕ್. ನಿಮ್ಮವರು ಚೆಂಡಿಗೆ ಅಡ್ಡ ಸಾಲಾಗಿ ನಿಂತು ಗೋಡೆ ಕಟ್ಟಲು ಮಾತಾಡಿಕೊಳ್ಳುತ್ತಾ ನಿಂತಿದ್ದಾಗ ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಚೇಟ್ರಿ ಚೆಂಡು ಎತ್ತಿ ಬಲೆಗೆ ಹಾಕಿದ. ಅದಕ್ಕೂ ಗ್ರಹಚಾರ ಅನ್ನುತ್ತೀರಾ? ರೆಫ್ರಿ ಸೀಟಿಗೆ ಕಾಯುವ ಅಗತ್ಯ ಇಲ್ಲ ಅಂತ ತಿಳಿದು, ಗೋಲಿ ಮುಂದೆ ಬಂದದ್ದು ಕಂಡು, ಅರ್ಧ ಕ್ಷಣದಲ್ಲಿ ತೀರ್ಮಾನ ಮಾಡಿದ್ದು. ನೂರಕ್ಕೆ ನೂರು ತಲೆ.

ಉಪ್ಪಳದ ಹಳದಿ:

ಅದು ಗೋಲೇ ಅಲ್ಲ.

ನೀಲಿ ಮಂಜೇಶ್ವರ:

ಸಿಟ್ಟಿನಲ್ಲಿ ಮೈದಾನ ಬಿಟ್ಟು ಹೋದದ್ದಕ್ಕೆ ನಿಮ್ಮ ಕ್ಲಬ್ಬು 4 ಕೋಟಿ ದಂಡ ಕಟ್ಟಿದ್ದು ಗೋಲಲ್ಲದ್ದಕ್ಕಾ?

ವಿಸಿಲ್ (ಮುಳ್ಳೇರಿಯ):

ಆ ಫ್ರೀಕಿಕ್ ಇಲ್ಲಿ ಎಳೆಯಬೇಡಿ, ಅದಕ್ಕೆ ಬೇರೆ ಚರ್ಚೆ ತೆರೆಯಿರಿ. ನಾನು ಸೀಟಿ ಊದುವವ, ಆ ಸುದ್ದಿ ತೆಗೆದರೆ ನನಗೆ ಎರಡೂ ಕಡೆಯಿಂದ ಬೈಗುಳ.

ನನ್ನ ಮಾತು ಬೇರೆ. ಪೆನಾಲ್ಟಿ ಲಾಟರಿ ಅನ್ನುವವರಿಗೆ ನಿಜವಾದ ಲಾಟರಿ ಹೇಗಿತ್ತು ಅಂತ ಗೊತ್ತಿಲ್ಲ. 1954ರ ವಿಶ್ವಕಪ್ಪಿಗೆ ಸ್ಪೇನೋ ಟರ್ಕಿಯೋ ಅಂತ ತೀರ್ಮಾನ ಆಗಬೇಕಿತ್ತು. ಸ್ಪೇನ್ ತನ್ನೂರಿನಲ್ಲಿ 4-1 ಗೆದ್ದಿತು, ಟರ್ಕಿ ತನ್ನೂರಿನಲ್ಲಿ 1-0. ಆ ಕಾಲಕ್ಕೆ ಗೋಲು ಕೂಡಿಸಿ ನೋಡುವ ಕ್ರಮ ಇರಲಿಲ್ಲ. ರೋಮಿನಲ್ಲಿ ಮೂರನೇ ಪಂದ್ಯ ಇಟ್ಟರು, ಅದು 2-2. ಆಮೇಲೆ ಒಬ್ಬ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ ಚೀಟಿ ಎತ್ತಿಸಿದರು. ಟರ್ಕಿಯ ಚೀಟಿ ಬಂತು, ಸ್ಪೇನ್ ಮನೆಯಲ್ಲಿ ಉಳಿಯಿತು. 1968ರ ಯುರೋ ಕಪ್ ಸೆಮಿಯಲ್ಲಿ ಇಟಲಿ ಮತ್ತು ಸೋವಿಯತ್ ಒಕ್ಕೂಟ 0-0. ನಾಣ್ಯ ಚಿಮ್ಮಿದರು, ಇಟಲಿಯ ಕಪ್ತಾನ ಫಕೆಟ್ಟಿ ಹೇಳಿದ್ದು ಸರಿಯಾಯಿತು. ಇಟಲಿ ಆ ಕಪ್ಪು ಗೆದ್ದೇ ಬಿಟ್ಟಿತು. ಇದನ್ನೆಲ್ಲ ನೋಡಿ ಸಾಕಾಗಿ 1970ರಲ್ಲಿ ಪೆನಾಲ್ಟಿ ನಿಯಮ ತಂದದ್ದು. ನಾಣ್ಯಕ್ಕಿಂತ ಒದೆತ ಮೇಲು ಅಂತ.

ನಮ್ಮ ಕಡೆ ಕೆಲವು ಸೆವೆನ್ಸ್‌ನಲ್ಲಿ ಈಗಲೂ ಹೊತ್ತು ಮೀರಿದರೆ ಟಾಸ್ ಹಾಕಿಸುತ್ತಾರೆ. ನನ್ನ ಕೈಯಿಂದಲೇ ಆ ನಾಣ್ಯ ಮೇಲೆ ಹೋಗಿದೆ. ಇಡೀ ಸಂಜೆ ಓಡಿದ ಹುಡುಗರು ನನ್ನ ಹೆಬ್ಬೆರಳನ್ನು ನೋಡುತ್ತಾ ನಿಲ್ಲುವುದು ನೋಡಲಿಕ್ಕೆ ಆಗುವುದಿಲ್ಲ.

ಗಡಿನಾಡು ಗೋಲಿ:

ಪೆನಾಲ್ಟಿಯ ವಿಷಯ ನನಗೇ ಬಿಡಿ, ಅಲ್ಲಿ ನಿಲ್ಲುವವ ನಾನು. ಹನ್ನೊಂದರ ಆಟದಲ್ಲಿ ಚೆಂಡು 11 ಮೀಟರ್ ದೂರದಲ್ಲಿ ಇರುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬಂದರೆ ಗೆರೆ ಮುಟ್ಟಲು 0.4 ಸೆಕೆಂಡ್. ಚೆಂಡು ನೋಡಿ ಹಾರಲು ಆಗುವುದಿಲ್ಲ, ಒದೆಯುವ ಮೊದಲೇ ಮನಸ್ಸು ಮಾಡಬೇಕು. ನಾನು ನೋಡುವುದು ಒದೆಯುವವನ ಊರಿದ ಕಾಲು. ಹೆಚ್ಚಿನವರದ್ದು ಹೆಬ್ಬೆರಳು ಯಾವ ಕಡೆಗೆ ತಿರುಗಿದೆಯೋ ಚೆಂಡು ಆ ಕಡೆ. ಆದರೆ ರಾತ್ರಿಯ ಆಟದಲ್ಲಿ ಇಬ್ಬನಿ ಬಿದ್ದ ಮೇಲೆ ಫ್ಲಡ್‌ಲೈಟ್ ಎದುರಿಂದ ಹೊಡೆಯುತ್ತಾ ಇರುವಾಗ ಬೂಟಿನ ಮೂತಿ ಎಲ್ಲಿ ಕಾಣುತ್ತದೆ? ಆ ದಿನ ನಾನು ನಾಲ್ಕು ಸಲ ಸರಿಯಾದ ಕಡೆಗೇ ಹಾರಿದೆ. ಒಂದು ಬೆರಳಿಗೆ ತಾಗಿ ಒಳಗೆ ಹೋಯಿತು. ಸರಿಯಾದ ಕಡೆ ಹಾರಿದ್ದು ಕಲಿತದ್ದು, ಬೆರಳಿಗೆ ತಾಗಿದ ಚೆಂಡು ಒಳಗೆ ಹೋಗುವುದೋ ಹೊರಗೋ ಅನ್ನುವುದು ಕಲಿತದ್ದಲ್ಲ.

ನೀಲಿ ಮಂಜೇಶ್ವರ:

ಹಾಗಾದರೆ ಅರ್ಜೆಂಟೀನಾದ ಗೋಲಿ ಎಮಿಲಿಯಾನೊ ಮಾರ್ಟಿನೆಜ್? ಅವನಿಗೆ ಮಾತ್ರ ಪ್ರತಿ ಸಲ ಅದೃಷ್ಟವಾ? 2022ರ ವಿಶ್ವಕಪ್ ಫೈನಲಿನಲ್ಲಿ ಫ್ರಾನ್ಸಿನ ಕೋಮಾನ್‌ದ್ದು ಹಿಡಿದ. ಚುವಾಮೆನಿಗೆ ಕೊಡಬೇಕಾದ ಚೆಂಡನ್ನು ಆಚೆ ಎಸೆದು ತಲೆ ಕೆಡಿಸಿದ, ಅವ ಹೊರಗೆ ಹೊಡೆದ. ಅದು ವಿದ್ಯೆ. ಒಳ್ಳೆಯ ವಿದ್ಯೆಯೋ ಕೆಟ್ಟ ವಿದ್ಯೆಯೋ ಬೇರೆ ಮಾತು.

ದೋಹಾ ಬಂದ್ಯೋಡು (ಕತಾರ್):

ಆ ವಿಶ್ವಕಪ್ಪಿನ ವಿಷಯ ಬಂತಲ್ಲ, ನಾನು ಹೇಳದಿದ್ದರೆ ಆಗುವುದಿಲ್ಲ. ನವೆಂಬರ್ 22, ಲುಸೈಲಿನಲ್ಲಿ ಅರ್ಜೆಂಟೀನಾ ಸೌದಿ ಪಂದ್ಯದ ದಿನ ನಮ್ಮ ರೂಮಿನಲ್ಲಿ ಇದ್ದವರೆಲ್ಲ ಅರ್ಜೆಂಟೀನಾದವರು, ಒಬ್ಬ ಪಾಕಿಸ್ತಾನಿ ಡ್ರೈವರನ್ನು ಬಿಟ್ಟು. 36 ಪಂದ್ಯ ಸೋಲದೆ ಬಂದ ತಂಡ. ಹತ್ತನೇ ನಿಮಿಷಕ್ಕೆ ಮೆಸ್ಸಿ ಪೆನಾಲ್ಟಿ ಹಾಕಿದ. ಆಮೇಲೆ ಮೊದಲ ಅರ್ಧದಲ್ಲೇ ಮೂರು ಸಲ ಚೆಂಡು ಬಲೆಗೆ ಬಿತ್ತು, ಮೂರೂ ಆಫ್‌ಸೈಡ್ (ಪಾಸ್ ಕೊಡುವಾಗಲೇ ಎದುರಿನ ಬ್ಯಾಕ್‌ಗಳ ಸಾಲು ದಾಟಿ ನಿಂತಿದ್ದರೆ ಗೋಲಿಲ್ಲ). ಅದರಲ್ಲಿ ಒಂದು ಲೌಟಾರೊದ್ದು ಬರೀ ಭುಜದ ಅಂಚು. ಎರಡನೇ ಅರ್ಧದಲ್ಲಿ ಐದು ನಿಮಿಷದೊಳಗೆ ಶೆಹ್ರಿ ಒಂದು, ದೌಸರಿ ಒಂದು. 2-1 ಸೌದಿಗೆ. ಇಡೀ ಪಂದ್ಯದಲ್ಲಿ ಸೌದಿಯವರು ಹೊಡೆದ ಶಾಟ್ ಒಟ್ಟು ಮೂರು. ಮೂರರಲ್ಲಿ ಎರಡು ಗೋಲು! ಸೌದಿಯಲ್ಲಿ ಮರುದಿನ ರಜೆ ಕೊಟ್ಟರು. ನಮ್ಮ ರೂಮಿನಲ್ಲಿ ಆ ರಾತ್ರಿ ಅಡುಗೆ ಆಗಲಿಲ್ಲ.

ಇದು ಅದೃಷ್ಟ ಅಲ್ಲದಿದ್ದರೆ ಅದೃಷ್ಟ ಅನ್ನುವುದೇ ಇಲ್ಲ.

ಪಿ.ಟಿ. ಟೀಚರ್ (ನೀರ್ಚಾಲು):

ಅರ್ಧ ಮಾತ್ರ ಒಪ್ಪುತ್ತೇನೆ. ಸೌದಿಯ ಕೋಚ್ ರೆನಾರ್ ತನ್ನ ಬ್ಯಾಕ್‌ಗಳ ಸಾಲನ್ನು ಅಷ್ಟು ಮುಂದೆ ತಂದು ನಿಲ್ಲಿಸಿದ್ದು ಯೋಚನೆ ಮಾಡಿಯೇ. ನಾಲ್ಕು ಜನ ಒಟ್ಟಿಗೆ ಒಂದು ಹೆಜ್ಜೆ ಮುಂದೆ ಬರಬೇಕು, ಒಬ್ಬ ತಡ ಮಾಡಿದರೆ ಮುಗಿಯಿತು. ನಾನು ಶಾಲೆಯ ಹೆಣ್ಣುಮಕ್ಕಳಿಗೆ ಇದನ್ನು ಕಲಿಸಲು ಹೋಗಿ ಗೊತ್ತುಂಟು, ಎಂಟನೇ ಕ್ಲಾಸಿನಲ್ಲಿ ಶುರು ಮಾಡಿದರೆ ಹತ್ತನೆಯದ್ದು ಮುಗಿಯುವಾಗಲೂ ಒಬ್ಬಳು ಹಿಂದೆ ಉಳಿಯುತ್ತಾಳೆ. ಆಫ್‌ಸೈಡಿಗೆ ಸಿಕ್ಕಿಸಿದ್ದು ಆಟ. ಆ ಸಿಕ್ಕಿಸಿದ್ದು ಒಂದು ಭುಜದ ಅಂತರದಲ್ಲಿ ಉಳಿದದ್ದು ಅದೃಷ್ಟ. ಒಂದೇ ಗೋಲಿನಲ್ಲಿ ಎರಡೂ ಇರುತ್ತದೆ. ಬೇರೆ ಬೇರೆ ಮಾಡಿ ತಟ್ಟೆಗೆ ಹಾಕಲು ಹೋದರೆ ಸಿಗುವುದಿಲ್ಲ.

ಇನ್ನು ದೋಹಾದವರೇ, ಆ ಅರ್ಜೆಂಟೀನಾ ಏನಾಯಿತು? ಕಪ್ಪು ತಂದಿತು. 2010ರ ವಿಶ್ವಕಪ್ಪಿನಲ್ಲಿ ಸ್ಪೇನ್ ಡರ್ಬನ್ನಿನ ಮೊದಲ ಪಂದ್ಯದಲ್ಲೇ ಸ್ವಿಟ್ಜರ್ಲೆಂಡಿಗೆ 0-1 ಸೋತಿತು. ಅದೇ ಆಟಗಾರರು, ಅದೇ ಆಟ. ಕೋಚ್ ಡೆಲ್ ಬೋಸ್ಕೆ ಒಂದು ಸೋಲಿಗೆ ಹೆದರಿ ಎಲ್ಲ ತಲೆಕೆಳಗೆ ಮಾಡಲಿಲ್ಲ. ನಾಕೌಟಿನಲ್ಲಿ ನಾಲ್ಕು ಪಂದ್ಯ, ನಾಲ್ಕೂ 1-0, ಕಪ್ಪು. ನಿಮ್ಮ ಕಮಿಟಿಯವರು ಅಲ್ಲಿ ಇದ್ದಿದ್ದರೆ ಅವನನ್ನು ಡರ್ಬನ್ನಿನಿಂದಲೇ ಬಸ್ಸು ಹತ್ತಿಸುತ್ತಿದ್ದರು.

ಅಡಿಕೆ ತೋಟ:

ಟೀಚರ್ ಹೇಳಿದ್ದು ನನ್ನ ಕಡೆಗೇ ಬಂತು. ಕೊನೆಗೆ ಒಳ್ಳೆಯ ತಂಡವೇ ಗೆದ್ದದ್ದಲ್ವಾ? 2022ರ ವರೆಗೆ 22 ವಿಶ್ವಕಪ್ ಆಗಿದೆ, ಗೆದ್ದವರು ಎಂಟೇ ದೇಶ. ಬ್ರೆಜಿಲ್ 5, ಜರ್ಮನಿ 4, ಇಟಲಿ 4. ಅದೃಷ್ಟದ ಆಟವಾಗಿದ್ದರೆ ಒಮ್ಮೆಯಾದರೂ ಕೊರಿಯಾಕ್ಕೋ ಘಾನಾಕ್ಕೋ ಬೀಳಬೇಕಿತ್ತಲ್ಲ. ಮಾಷ್ಟ್ರ ಸೂತ್ರ ಇದಕ್ಕೆ ಏನು ಹೇಳುತ್ತದೆ?

ಲೆಕ್ಕದ ಮಾಷ್ಟ್ರು:

ಅದನ್ನೇ ಹೇಳುತ್ತದೆ. ಲಾಟರಿ ನಡೆಯುವ ನಮ್ಮ ಕೇರಳದಲ್ಲಿ ಇರುವವರಿಗೆ ಇದನ್ನು ಬೇಗ ತಿಳಿಸಬಹುದು: ಒಳ್ಳೆಯ ಆಟ ಅಂದರೆ ಲಾಟರಿಯ ಹೆಚ್ಚು ಟಿಕೆಟ್ ಕೈಯಲ್ಲಿ ಇದ್ದ ಹಾಗೆ. ಒಂದು ಡ್ರಾದಲ್ಲಿ ಒಂದೇ ಟಿಕೆಟ್ ಇದ್ದವನಿಗೆ ಹೊಡೆಯಬಹುದು. ವರ್ಷಪೂರ್ತಿ ಆಡಿದರೆ ಹೊರೆ ಟಿಕೆಟ್ ಇದ್ದವನೇ ಮುಂದೆ.

ಮೊದಲು ಹೇಳಿದ 1.5 ಮತ್ತು 1ರ ತಂಡಗಳನ್ನೇ ತೆಗೆದುಕೊಳ್ಳಿ. ಒಂದು ಪಂದ್ಯದಲ್ಲಿ ಕೆಳಗಿನದ್ದು ನಾಲ್ಕಕ್ಕೆ ಒಂದು ಸಲ ಗೆಲ್ಲುತ್ತದೆ. ಆದರೆ ಗೆಲುವಿಗೆ 3, ಸಮಕ್ಕೆ 1 ಪಾಯಿಂಟ್ ಹಾಕಿ ಅದೇ ಲೆಕ್ಕವನ್ನು 38 ಪಂದ್ಯಕ್ಕೆ ಎಳೆದರೆ ಒಂದಕ್ಕೆ ಸುಮಾರು 65, ಇನ್ನೊಂದಕ್ಕೆ 39. ಇಂಗ್ಲೆಂಡಿನ ಲೀಗಿನಲ್ಲಿ 65 ಅಂದರೆ ಮೇಲಿನ ಸಾಲು, 39 ಅಂದರೆ ಕೆಳಕ್ಕೆ ಇಳಿಯುವ ಭಯ. ಒಂದು ಸಂಜೆಯಲ್ಲಿ ಕಾಣದ ವ್ಯತ್ಯಾಸ ಒಂದು ವರ್ಷದಲ್ಲಿ ಎದ್ದು ಕಾಣುತ್ತದೆ. ಅದಕ್ಕೇ ಬಯರ್ನ್ ಮ್ಯೂನಿಕ್ 2013ರಿಂದ 2023ರ ವರೆಗೆ ಸಾಲಾಗಿ 11 ಸಲ ಜರ್ಮನಿಯ ಲೀಗ್ ಗೆದ್ದದ್ದು. ನಾಕೌಟ್ ಕಪ್ಪಿನಲ್ಲಿ ಅದೇ ಬಯರ್ನ್ 2012ರ ಚಾಂಪಿಯನ್ಸ್ ಲೀಗ್ ಫೈನಲನ್ನು ತನ್ನದೇ ಊರಿನಲ್ಲಿ ಚೆಲ್ಸಿಗೆ ಸೋತಿತು. ಬಯರ್ನಿಗೆ 20 ಕಾರ್ನರ್, ಚೆಲ್ಸಿಗೆ ಒಂದು. ಆ ಒಂದರಲ್ಲಿ ದ್ರೊಗ್ಬಾ ತಲೆ ಕೊಟ್ಟು ಸಮ ಮಾಡಿದ, ಉಳಿದದ್ದು ಪೆನಾಲ್ಟಿ.

ಉಪ್ಪಳದ ಹಳದಿ:

ಇಂಗ್ಲೆಂಡಿನ ಲೀಗ್ ಗೆದ್ದ ಸಣ್ಣ ಕ್ಲಬ್ಬು ಲೆಸ್ಟರ್? 5000ಕ್ಕೆ 1 ಅಂತ ಬಾಜಿ ಇತ್ತು. ಅದು ಲೀಗು, ನಾಕೌಟಲ್ಲ. 38 ಪಂದ್ಯ.

ಲೆಕ್ಕದ ಮಾಷ್ಟ್ರು:

ಒಳ್ಳೆಯ ಪ್ರಶ್ನೆ. 2014-15ರಲ್ಲಿ 14ನೇ ಸ್ಥಾನ, 2015-16ರಲ್ಲಿ ಮೊದಲನೇ ಸ್ಥಾನ, ಅದರ ಮರುವರ್ಷ 12ನೇ ಸ್ಥಾನ. ಕಪ್ಪು ತಂದುಕೊಟ್ಟ ಕೋಚ್ ರನಿಯೇರಿಯನ್ನು ಒಂದು ವರ್ಷ ತುಂಬುವ ಮೊದಲೇ, 2017ರ ಫೆಬ್ರವರಿಯಲ್ಲಿ ಮನೆಗೆ ಕಳುಹಿಸಿದರು. ಆ ಒಂದು ವರ್ಷದಲ್ಲಿ ಎಲ್ಲ ಕೂಡಿ ಬಂತು. ಗಾಯ ಕಡಿಮೆ, ಯುರೋಪಿನ ಪಂದ್ಯಗಳ ಓಡಾಟ ಇಲ್ಲ, ದೊಡ್ಡ ಕ್ಲಬ್ಬುಗಳೆಲ್ಲ ಒಟ್ಟಿಗೆ ಎಡವಿದವು. ಹಿಂದಿನ ವರ್ಷದ ಚಾಂಪಿಯನ್ ಚೆಲ್ಸಿ 10ನೇ ಸ್ಥಾನಕ್ಕೆ ಇಳಿಯಿತು.

ಆದರೆ ಬರೀ ಯೋಗ ಅನ್ನಲೂ ಆಗುವುದಿಲ್ಲ. ಆ ತಂಡದ ನಡುವೆ ಕಾಂಟೆ ಇದ್ದ. ಮರುವರ್ಷ ಅವನನ್ನು ಚೆಲ್ಸಿ ಕೊಂಡಿತು, 10ರಲ್ಲಿದ್ದ ಚೆಲ್ಸಿ ಚಾಂಪಿಯನ್ ಆಯಿತು, ಲೆಸ್ಟರ್ ಕೆಳಗೆ ಹೋಯಿತು. ಒಬ್ಬನ ಕಾಲಿನ ಬೆಲೆ ಇಷ್ಟು ಸ್ಪಷ್ಟವಾಗಿ ಕಾಣುವುದು ಅಪರೂಪ.

ವಿಸಿಲ್:

ಅದೃಷ್ಟದಲ್ಲಿ ಒಂದು ಪಾಲು ನಮ್ಮದೂ ಉಂಟು, ಅದನ್ನು ಯಾರೂ ಬರೆಯಲಿಲ್ಲ ಅಂತ ಆಶ್ಚರ್ಯ. 2009ರ ಅಕ್ಟೋಬರಿನಲ್ಲಿ ಸಂಡರ್ಲೆಂಡ್ ಲಿವರ್‌ಪೂಲ್ ಪಂದ್ಯ. ಲಿವರ್‌ಪೂಲ್ ಬೆಂಬಲಿಗರ ಕಡೆಯಿಂದ ಒಂದು ದೊಡ್ಡ ಬೀಚ್ ಬಾಲ್, ಸಮುದ್ರ ದಂಡೆಯಲ್ಲಿ ಮಕ್ಕಳು ಆಡುವಂಥದ್ದು, ಮೈದಾನಕ್ಕೆ ಬಂದು ಗೋಲಿನ ಎದುರು ಕೂತಿತ್ತು. ಡ್ಯಾರೆನ್ ಬೆಂಟ್ ಹೊಡೆದ ಚೆಂಡು ಅದಕ್ಕೆ ತಾಗಿ ದಿಕ್ಕು ತಪ್ಪಿ ಒಳಗೆ ಹೋಯಿತು. ಗೋಲಿ ರೈನಾ ಯಾವ ಚೆಂಡಿಗೆ ಹಾರಬೇಕು ಅಂತ ತಿಳಿಯದೆ ನಿಂತ. ರೆಫ್ರಿ ಗೋಲು ಕೊಟ್ಟರು, ಪಂದ್ಯ 1-0ರಲ್ಲೇ ಮುಗಿಯಿತು. ನಿಯಮದ ಪ್ರಕಾರ ಅದು ಹೊರಗಿನ ವಸ್ತು, ಆಟ ನಿಲ್ಲಿಸಿ ಡ್ರಾಪ್ ಬಾಲ್ (ರೆಫ್ರಿ ಚೆಂಡು ನೆಲಕ್ಕೆ ಬಿಟ್ಟು ಆಟ ಮತ್ತೆ ಶುರು ಮಾಡುವುದು) ಕೊಡಬೇಕಿತ್ತು. ಈಗ ಕ್ಯಾಮರಾ ಬಂದಿದೆ, ಗೋಲಿನ ಗೆರೆಗೆ ಯಂತ್ರ ಬಂದಿದೆ. 2010ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡಿನ ಲ್ಯಾಂಪಾರ್ಡ್ ಜರ್ಮನಿಯ ಮೇಲೆ ಹೊಡೆದದ್ದು ಗೆರೆಯಿಂದ ಎಷ್ಟೋ ಒಳಗೆ ಬಿದ್ದರೂ ಸಿಗಲಿಲ್ಲ, 2014ರ ವಿಶ್ವಕಪ್ಪಿನಿಂದ ಅಂಥದ್ದು ತಪ್ಪುವುದಿಲ್ಲ. ನಮ್ಮ ಗದ್ದೆಗೆ ಮಾತ್ರ ಈಗಲೂ ಎರಡು ಕಣ್ಣು, ಒಂದು ಸೀಟಿ. ಲೈನ್ಸ್‌ಮನ್ ಕೂಡ ಆಯೋಜಕರ ಅಳಿಯನೇ ಆಗಿರುತ್ತಾನೆ.

ನೀಲಿ ಮಂಜೇಶ್ವರ:

ಹಹ್ಹ, ಅಳಿಯನ ಫ್ಲ್ಯಾಗಿಗೆ ಯಾವ ಸೂತ್ರವೂ ಇಲ್ಲ.

ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಯಾರೂ ಮುಟ್ಟಲಿಲ್ಲ. 2022ರ ಏಪ್ರಿಲಿನಲ್ಲಿ ಮಂಜೇರಿಯ ಪಯ್ಯನಾಡಿನಲ್ಲಿ ಸೆಮಿ, ಕೇರಳ 7, ಕರ್ನಾಟಕ 3. ಮೊದಲ ಗೋಲು ನಮ್ಮದು. ಆಮೇಲೆ ಜೆಸಿನ್ ಬದಲಿಯಾಗಿ ಬಂದವ ಐದು ಗೋಲು ಹೊಡೆದ. ಆ ದಿನ ಕಾಸರಗೋಡಿನಲ್ಲಿ ಕನ್ನಡ ಶಾಲೆಯಲ್ಲಿ ಕಲಿತ ನಾವು ಯಾರ ಕಡೆ ಅಂತಲೇ ಗೊತ್ತಾಗದೆ ಕೂತಿದ್ದೆವು, ಮನೆಯಲ್ಲಿ ಅಣ್ಣ ಕೇರಳ, ನಾನು ಕರ್ನಾಟಕ. ಒಂದು ವರ್ಷ ತುಂಬುವ ಮೊದಲು, 2023 ಮಾರ್ಚ್ 4ಕ್ಕೆ ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2 ಸೋಲಿಸಿ ಕಪ್ಪು ಎತ್ತಿತು. 1968-69ರಲ್ಲಿ ಮೈಸೂರು ಅಂತ ಹೆಸರಿದ್ದಾಗ ಗೆದ್ದದ್ದು, 54 ವರ್ಷ ಆಗಿತ್ತು. ಕೇರಳ ಆ ವರ್ಷ ಸೆಮಿಗೂ ಬರಲಿಲ್ಲ. 7-3ರ ತಂಡ ಅಷ್ಟು ಬೇಗ ಕೆಟ್ಟಿತಾ?

ಉಪ್ಪಳದ ಹಳದಿ:

ಹುಡುಗರೇ ಬೇರೆ, ಅದನ್ನು ಹೋಲಿಸಬೇಡಿ. ಸಂತೋಷ್ ಟ್ರೋಫಿಗೆ ಪ್ರತಿ ವರ್ಷ ಹೊಸಬರು. ಮತ್ತೆ 7-3 ಅದೃಷ್ಟದಲ್ಲಿ ಬರುವ ಸ್ಕೋರಲ್ಲ, ಬರೆದಿಟ್ಟುಕೊಳ್ಳಿ. ನೀವು ಕಣ್ಣೀರು ಹಾಕಬೇಕಾದ್ದು ಇನ್ನೊಂದಕ್ಕೆ: ಅದೇ ಕೇರಳ ಫೈನಲಿನಲ್ಲಿ ಬಂಗಾಳದ ಎದುರು 116ನೇ ನಿಮಿಷದ ವರೆಗೆ ಸೋಲುತ್ತಾ ಇತ್ತು. ಸಫ್ನಾದ್ ತಲೆ ಕೊಟ್ಟು ಸಮ ಮಾಡಿದ, ಪೆನಾಲ್ಟಿಯಲ್ಲಿ 5-4. 2024ರ ಡಿಸೆಂಬರ್ 31ಕ್ಕೆ ಹೈದರಾಬಾದಿನಲ್ಲಿ ಬಂಗಾಳ ಅದನ್ನು ತೀರಿಸಿಕೊಂಡಿತು, ಇಂಜುರಿ ಟೈಮಿನಲ್ಲಿ ರಾಬಿ ಹಂಸ್ದಾ. ಹೊಸ ವರ್ಷದ ಪಟಾಕಿ ನಮ್ಮ ಓಣಿಯಲ್ಲಿ ಯಾರೂ ಹೊಡೆಯಲಿಲ್ಲ.

ಪಿ.ಟಿ. ಟೀಚರ್:

7-3ರ ವಿಷಯದಲ್ಲಿ ಉಪ್ಪಳದವರು ಹೇಳಿದ್ದು ಸರಿ. ಅಂತರ ದೊಡ್ಡದಾದಷ್ಟೂ ಅದೃಷ್ಟದ ಪಾಲು ಸಣ್ಣದು. ತಕರಾರು ಇರುವುದೆಲ್ಲ 1-0, 1-1, 2-1ರಲ್ಲಿ. ದುರದೃಷ್ಟಕ್ಕೆ ಹೆಚ್ಚಿನ ಪಂದ್ಯ ಮುಗಿಯುವುದೂ ಅಲ್ಲೇ.

ಗೋಲಿಯವರ ಪ್ರಶ್ನೆಗೆ ಬರುತ್ತೇನೆ. ಕಮಿಟಿಯವರು ನೋಡಿದ್ದು ಸ್ಕೋರು. ನೋಡಬೇಕಾದ್ದು ಆ ಸ್ಕೋರಿಗೆ ಮೊದಲು ಏನು ನಡೆಯಿತು ಅಂತ. ಇದನ್ನು ಮೊದಲು ಲೆಕ್ಕ ಇಟ್ಟವ ಚಾರ್ಲ್ಸ್ ರೀಪ್, ಬ್ರಿಟಿಷ್ ವಾಯುಪಡೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದವ. 1950ರಲ್ಲಿ ಸ್ವಿಂಡನ್ ತಂಡದ ಆಟ ನೋಡುತ್ತಾ ಪೆನ್ಸಿಲ್ ತೆಗೆದು ಪ್ರತಿ ದಾಳಿಯನ್ನೂ ಗುರುತು ಹಾಕಲು ಶುರು ಮಾಡಿದ, ಆಮೇಲೆ ಜೀವಮಾನ ಇಡೀ ಬಿಡಲಿಲ್ಲ. 1968ರಲ್ಲಿ ಬೆಂಜಮಿನ್ ಅನ್ನುವ ಸಂಖ್ಯಾಶಾಸ್ತ್ರಜ್ಞನ ಜೊತೆ ಪ್ರಬಂಧ ಬರೆದ. ಸುಮಾರು ಹತ್ತು ಶಾಟಿಗೆ ಒಂದು ಗೋಲು, ಅದು ಯಾವ ಪಂದ್ಯದಲ್ಲಿ ಬರುತ್ತದೆ ಅನ್ನುವುದು ಆಕಸ್ಮಿಕ ಅಂತ ಅವನ ಸಾರ. ಅಲ್ಲಿಯ ವರೆಗೆ ಸರಿ. ಅಲ್ಲಿಂದ ಮುಂದೆ ಅವ ಹೋದ ದಾರಿ ನನಗೆ ಸರಿ ಕಾಣುವುದಿಲ್ಲ. ಹೆಚ್ಚಿನ ಗೋಲು ಮೂರು ಪಾಸಿನೊಳಗೆ ಬರುತ್ತದೆ, ಹಾಗಾಗಿ ಉದ್ದಕ್ಕೆ ಹೊಡೆದು ಓಡಿ ಅಂದ. ಅಯ್ಯಾ, ಆಟದಲ್ಲಿ ಹೆಚ್ಚಿನ ದಾಳಿಯೇ ಮೂರು ಪಾಸಿಗೆ ಕೈ ತಪ್ಪಿ ಹೋಗುತ್ತದಲ್ಲ, ಗೋಲೂ ಅದರಲ್ಲೇ ಹೆಚ್ಚು ಬರದೆ ಇನ್ನೆಲ್ಲಿ ಬರಬೇಕು? ಇಂಗ್ಲೆಂಡಿನವರು ಎಷ್ಟೋ ವರ್ಷ ಅದನ್ನೇ ನಂಬಿ ಚೆಂಡನ್ನು ಆಕಾಶಕ್ಕೆ ಹೊಡೆದರು. ನಮ್ಮ ಜಿಲ್ಲಾ ಮಟ್ಟದ ಶಾಲಾ ಪಂದ್ಯಗಳಲ್ಲಿ ಈಗಲೂ ಅದೇ, ಹೊರಗಿನಿಂದ ಅಪ್ಪಂದಿರು "ಅಡಿ ಅಡಿ" (ಮಲಯಾಳದಲ್ಲಿ ಹೊಡಿ ಹೊಡಿ) ಅಂತ ಕೂಗುವುದೂ ಅದಕ್ಕೇ.

ಈಗಿನವರು ಎಕ್ಸ್‌ಜಿ ಅನ್ನುತ್ತಾರೆ. ಎಲ್ಲಿಂದ, ಯಾವ ಕೋನದಿಂದ, ಕಾಲಿನಿಂದಲೋ ತಲೆಯಿಂದಲೋ ಅಂತ ನೋಡಿ ಪ್ರತಿ ಶಾಟಿಗೂ ಒಂದು ಅಂಕ. ಪೆನಾಲ್ಟಿ ಸುಮಾರು 0.75ರಿಂದ 0.8, ಯಾಕೆಂದರೆ ನಾಲ್ಕರಲ್ಲಿ ಮೂರಕ್ಕಿಂತ ಸ್ವಲ್ಪ ಹೆಚ್ಚು ಒಳಗೆ ಹೋಗುತ್ತದೆ. ಅರ್ಧ ಮೈದಾನದಿಂದ ಹೊಡೆದದ್ದು ಸೊನ್ನೆಯ ಹತ್ತಿರ. ಎಲ್ಲ ಕೂಡಿಸಿದರೆ ಈ ಆಟಕ್ಕೆ ಎಷ್ಟು ಗೋಲು ಬರಬೇಕಿತ್ತು ಅಂತ ಗೊತ್ತಾಗುತ್ತದೆ.

ದೋಹಾ ಬಂದ್ಯೋಡು:

ಅಂದರೆ ಕಮಿಟಿಗೆ ಕೋಚಿನ ಎಕ್ಸ್‌ಜಿ ತೋರಿಸಬೇಕು ಅನ್ನುತ್ತೀರಿ ಟೀಚರೇ. ಅವರು ಅದು ಯಾವ ಮೊಬೈಲ್ ಕಂಪೆನಿ ಅಂತ ಕೇಳಿಯಾರು.

ಅಡಿಕೆ ತೋಟ:

ನಾನೊಂದು ಒಪ್ಪುತ್ತೇನೆ, ಇನ್ನೊಂದು ಒಪ್ಪುವುದಿಲ್ಲ. ಒಂದು ಪಂದ್ಯ ನೋಡಿ ಕೋಚನ್ನು ಓಡಿಸುವುದು ಮೂರ್ಖತನ, ಒಪ್ಪಿದೆ. ಗೆದ್ದೆತ್ತಿನ ಬಾಲ ಹಿಡಿಯುವವರು ಎಲ್ಲ ಕಮಿಟಿಯಲ್ಲೂ ಇರುತ್ತಾರೆ. ಆದರೆ ಗೋಲಿಯವರ ತಂಡ ಪ್ರತಿ ಸಲ "ಚೆನ್ನಾಗಿ ಆಡಿ" ಸೋಲುತ್ತಾ ಇದ್ದರೆ? ಕಂಬಕ್ಕೆ ಒಮ್ಮೆ ಬಡಿದರೆ ದುರದೃಷ್ಟ, ವರ್ಷವಿಡೀ ಬಡಿಯುತ್ತಿದ್ದರೆ ಗುರಿ ಇಲ್ಲ ಅಂತ ಅರ್ಥ. ಮುಂದಿನ ಸಾಲಿನ ಹುಡುಗರಿಗೆ ಸಂಜೆ ಹೆಚ್ಚು ಹೊತ್ತು ಗೋಲಿಗೆ ಹೊಡೆಸಿದರೆ ಅದೃಷ್ಟ ತಾನೇ ಬರುತ್ತದೆ.

ಲೆಕ್ಕದ ಮಾಷ್ಟ್ರು:

ಇದು ಸರಿಯಾದ ಆಕ್ಷೇಪ. ಒಂದೆರಡು ಪಂದ್ಯಕ್ಕೆ ದುರದೃಷ್ಟ ಅನ್ನಬಹುದು, ಇಡೀ ಸೀಸನಿಗೆ ಅನ್ನಲಾಗದು. ಎಷ್ಟು ಪಂದ್ಯ ಆದ ಮೇಲೆ ಅನ್ನಬಾರದು ಅನ್ನುವುದಕ್ಕೆ ಗೆರೆ ಇಲ್ಲ. ಆದರೆ ಲೆಕ್ಕವೇ ಇಲ್ಲದಿದ್ದರೆ ಜಗಳ ಮಾತ್ರ ಉಳಿಯುತ್ತದೆ.

ಪೆನಾಲ್ಟಿಯ ಬಗ್ಗೆಯೂ ಒಂದು ಎಚ್ಚರಿಕೆ. ಮೊದಲು ಒದೆಯುವ ತಂಡ 60% ಸಲ ಗೆಲ್ಲುತ್ತದೆ ಅಂತ 2010ರಲ್ಲಿ ಒಂದು ಅಧ್ಯಯನ ಬಂತು. ಪತ್ರಿಕೆಗಳೆಲ್ಲ ಹಾಕಿದವು. ಆಮೇಲೆ ಬೇರೆಯವರು ಇನ್ನೂ ಹೆಚ್ಚು ಪೆನಾಲ್ಟಿ ಶೂಟೌಟ್ ಒಟ್ಟು ಹಾಕಿ ನೋಡಿದಾಗ ಆ ಲಾಭ ಹೆಚ್ಚುಕಡಿಮೆ ಕರಗಿಹೋಯಿತು. ನೂರಿನ್ನೂರು ಪಂದ್ಯದ ಲೆಕ್ಕವೇ ಹೀಗೆ ದಾರಿ ತಪ್ಪಿಸುತ್ತದೆ, ನಮ್ಮ ಕಮಿಟಿಯವರ ಹತ್ತಿರ ಇರುವುದು ಒಂದು.

ಗಡಿನಾಡು ಗೋಲಿ:

ನಾಡಿದ್ದು ಆದಿತ್ಯವಾರ ಮತ್ತೆ ಮೀಟಿಂಗ್ ಉಂಟು. ಮುಂದಿನ ಟೂರ್ನಮೆಂಟಿನಿಂದ ಶಾಟ್ ಲೆಕ್ಕ ಬರೆಯೋಣ, ಸೀಸನ್ ಮುಗಿದ ಮೇಲೆ ಕೋಚಿನ ವಿಷಯ ತೆಗೆಯೋಣ ಅಂತ ಹೇಳುತ್ತೇನೆ. ಟೀಚರೇ, ಬರೆಯುವುದು ಹೇಗೆ? ಕಂಪ್ಯೂಟರ್ ಎಲ್ಲ ಇಲ್ಲ ನಮ್ಮಲ್ಲಿ.

ಪಿ.ಟಿ. ಟೀಚರ್:

ಒಂದು ಉದ್ದದ ನೋಟ್‌ಬುಕ್ ಸಾಕು. ಪುಟದಲ್ಲಿ ಗೋಲು, ಬಾಕ್ಸು ಎಳೆಯಿರಿ. ಎಲ್ಲಿಂದ ಹೊಡೆದರೋ ಅಲ್ಲಿ ಒಂದು ಚುಕ್ಕೆ, ಪಕ್ಕದಲ್ಲಿ ಆಟಗಾರನ ನಂಬರು. ಒಳಗೆ ಹೋದರೆ ಸುತ್ತು ಹಾಕಿ. ಎರಡೂ ತಂಡದ್ದೂ ಬರೆಯಬೇಕು, ನಿಮ್ಮದು ಮಾತ್ರ ಅಲ್ಲ. ಬಾಕ್ಸಿನ ಒಳಗಿನ ಚುಕ್ಕೆ ಬೇರೆ ಎಣಿಸಿ, ಹೊರಗಿನದ್ದು ಬೇರೆ. ಅಷ್ಟರಲ್ಲೇ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಬರೆಯುವವ ಆಟ ನೋಡಿ ಕೂಗುವ ಜಾತಿಯವ ಆಗಬಾರದು, ಗೋಲು ಬಿದ್ದಾಗ ಪೆನ್ಸಿಲ್ ಎಸೆದು ಕುಣಿದರೆ ಮುಂದಿನ ಎರಡು ಶಾಟ್ ಲೆಕ್ಕ ತಪ್ಪುತ್ತದೆ.

ಉಪ್ಪಳದ ಹಳದಿ:

ಹಾಗಾದರೆ ನಾನಾಗುವುದಿಲ್ಲ. ತಂಗಿಯ ಮಗ ಪ್ಲಸ್‌ಟು ಕಲಿಯುತ್ತಾನೆ, ಕ್ರಿಕೆಟಿನವ, ಫುಟ್ಬಾಲ್ ಅಂದರೆ ಆಗುವುದಿಲ್ಲ. ಅವನನ್ನು ಕಳುಹಿಸುತ್ತೇನೆ, ಬಿರಿಯಾನಿ ಕೊಡಿಸಿ.

ಅಡಿಕೆ ತೋಟ:

ಸೆಲ್ಫ್ ಗೋಲು ಬಿದ್ದರೆ ಚುಕ್ಕೆ ಯಾರ ಖಾತೆಗೆ?

ಪಿ.ಟಿ. ಟೀಚರ್:

ಯಾರ ಖಾತೆಗೂ ಇಲ್ಲ. ಅದು ಸ್ಕೋರಿನಲ್ಲಿ ಇರುತ್ತದೆ, ಶಾಟಿನ ಲೆಕ್ಕದಲ್ಲಿ ಇರುವುದಿಲ್ಲ.